ವಸಂತಯಾತ್ರೆಯ ಸಿದ್ಧತೆ

ಯಾತ್ರೆಯೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ದೇವರ ದರ್ಶನ, ತೇರು, ತೀರ್ಥಸ್ನಾನ. ಇವೆಲ್ಲಕ್ಕೂ ಪಂಚಾಂಗದಲ್ಲಿ ದಿನ ಗೊತ್ತಾಗಿರುವುದರಿಂದ ಹೊರಡುವವರಿಗೆ ಸಂಶಯವಿಲ್ಲ. ರಥಸಪ್ತಮಿಯೆಂದರೆ ರಥಸಪ್ತಮಿ, ಹುಣ್ಣಿಮೆಯೆಂದರೆ ಹುಣ್ಣಿಮೆ. ಆದರೆ ಕೇವಲ ಕಾಡುಹೂಗಳನ್ನು ನೋಡಿಬರುವುದಕ್ಕಾಗಿ, ದಾರಿಯಲ್ಲಿ ಸಿಕ್ಕುವ ನಾಲ್ಕು ಸಣ್ಣ ಊರುಗಳಲ್ಲಿ ಇಳಿದು ಹತ್ತುವುದಕ್ಕಾಗಿ, ಸಂಸಾರಸ್ಥರು ಬುತ್ತಿ ಕಟ್ಟಿಕೊಂಡು ಮೂರು ದಿನ ಮನೆ ಬಿಟ್ಟರೆಂದರೆ ನೆರೆಯವರು ನಗದೆ ಇರಲಾರರು. ನಾವೂ ಆ ನಗೆಗೆ ಗುರಿಯಾದವರೇ. ಆದರೂ ಈ ವರ್ಷ ಬೆಂಗಳೂರಿನಿಂದ ಚಿಕ್ಕಮಗಳೂರಿನ ಕಡೆಗೆ ಕೈಗೊಂಡ ಚಿಕ್ಕ ಪ್ರಯಾಣದ ಸಿದ್ಧತೆಯಲ್ಲಿ ನಾವು ಕಲಿತ ಕೆಲವು ಸಂಗತಿಗಳು ಇತರ ಗೃಹಸ್ಥರಿಗೂ ಉಪಯೋಗವಾದಾವೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯುತ್ತಿದ್ದೇವೆ. ಸಿದ್ಧತೆಯಲ್ಲಿ ನಾವು ಮಾಡಿದ ತಪ್ಪನ್ನೂ ಮರೆಮಾಚದೆ ಹೇಳುತ್ತೇವೆ.

ಈ ಪ್ರಯಾಣಕ್ಕೆ ಮೂಲಕಾರಣ ನಮ್ಮ ತಾಯಿಯವರು. ಅವರು ಹುಟ್ಟಿ ಬೆಳೆದದ್ದು ಕಡೂರು ಸೀಮೆಯಲ್ಲಿ, ಸಖರಾಯಪಟ್ಟಣಕ್ಕೆ ಸಮೀಪದ ಒಂದು ಹಳ್ಳಿಯಲ್ಲಿ. ಆ ಊರಿನ ದಾರಿ ತಿರುಗುವ ಕಡೆ ಒಂದು ದೊಡ್ಡ ಮುತ್ತುಗದ ಮರವಿತ್ತಂತೆ. ಹುಡುಗಿಯಾಗಿದ್ದಾಗ ಅದರ ಎಲೆಗಳನ್ನು ಆರಿಸಿ ತಂದು, ಜಗಲಿಯ ಮೇಲೆ ಅಕ್ಕತಂಗಿಯರೊಡನೆ ಕುಳಿತು ಊಟದೆಲೆ ಹಚ್ಚುತ್ತಿದ್ದರಂತೆ. ಮದುವೆಯಾಗಿ ಬೆಂಗಳೂರಿಗೆ ಬಂದ ಮೇಲೆ ಅವರು ತವರಿಗೆ ಹೋದದ್ದೆಲ್ಲ ಮದುವೆ ಮುಂಜಿಗಳಿಗೆ, ಹೆಚ್ಚಾಗಿ ವೈಶಾಖಮಾಸದಲ್ಲಿ. ಆಗ ಮುತ್ತುಗದಲ್ಲಿ ಹೂವಿಲ್ಲ. “ಆ ಮರ ಕೆಂಪಾದುದನ್ನು ಇನ್ನೊಂದು ಸಲ ನೋಡಬೇಕಪ್ಪ” ಎಂದು ಅವರು ಹೇಳಲಾರಂಭಿಸಿ ಎಷ್ಟೋ ವರ್ಷಗಳಾದವು. ನಾವೂ ಪ್ರತಿವರ್ಷ “ಆಗಲಮ್ಮ, ಮಕ್ಕಳಿಗೆ ರಜ ಬರಲಿ” ಎನ್ನುತ್ತಿದ್ದೆವು. ಮೂರು ವರ್ಷಗಳ ಹಿಂದೆ ಮೇ ತಿಂಗಳಲ್ಲಿ ಮನೆಮಂದಿಯೆಲ್ಲ ಬಾಡಿಗೆಯ ಮೋಟಾರಿನಲ್ಲಿ ಆ ಕಡೆಗೆ ಹೋದೆವು. ದಾರಿಯುದ್ದಕ್ಕೂ ಮುತ್ತುಗದ ಮರಗಳು ಅಂಗೈಯಗಲದ ಹಸುರೆಲೆಗಳನ್ನು ಹೊತ್ತು ನಿಂತಿದ್ದವು. ತಾಯಿಯವರು ಕಿಟಕಿಯಿಂದ ನೋಡುತ್ತ, “ಚೆನ್ನಾಗಿದೆ. ಎಲೆ ಹಚ್ಚುವ ಕಾಲಕ್ಕೆ ಸರಿಯಾಗಿ ಕರೆದುಕೊಂಡು ಬಂದೆ” ಎಂದರು. ಮಕ್ಕಳು ನಕ್ಕರು. ನಮಗೆ ಮಾತ್ರ ಆ ಮಾತು ಮುಳ್ಳಿನಂತೆ ಉಳಿಯಿತು.

ಆಗ ತಿಳಿದದ್ದು ಇಷ್ಟು: ಹೂವಿಗೂ ಒಂದು ಪಂಚಾಂಗವುಂಟು, ಅದು ಶಾಲೆಯ ರಜದ ಪಟ್ಟಿಯನ್ನು ನೋಡಿ ಬರೆದದ್ದಲ್ಲ. ಪಟ್ಟಣದಲ್ಲಿ ವಾಸಿಸುವ ನಮಗೆ ಇದು ಸುಲಭವಾಗಿ ಹೊಳೆಯುವುದಿಲ್ಲ. 1908ರಲ್ಲಿ ಬೆಂಗಳೂರಿನ ಲಾಲ್‌ಬಾಗಿಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್ ಎಂಬವರು ವರ್ಷದ ಯಾವ ತಿಂಗಳಲ್ಲಿಯಾದರೂ ಯಾವುದಾದರೊಂದು ಬೀದಿಯಲ್ಲಿ ಒಂದು ಮರವು ಹೂಬಿಟ್ಟಿರಬೇಕೆಂಬ ಉದ್ದೇಶದಿಂದ ಸಾಲುಮರಗಳನ್ನು ಯೋಜಿಸಿದರು. ಆದುದರಿಂದ ಬೆಂಗಳೂರಿನವರು ಹೂವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ತೆಂಕಣ ಅಮೆರಿಕದ ನೀಲಿ ಜಕರಂದವಾಗಲಿ ಮಡಗಾಸ್ಕರಿನ ಗುಲ್‌ಮೊಹರ್ ಆಗಲಿ ಸರದಿಯಂತೆ ಅವರ ಬಾಗಿಲಿಗೇ ಬರುತ್ತದೆ. ಕಾಡುಮರ ಹಾಗಲ್ಲ. ಅದರ ಸರದಿ ಬಂದಾಗ ನಾವೇ ಅದರ ಬಾಗಿಲಿಗೆ ಹೋಗಬೇಕು.

ಹಾಗಾದರೆ ಆ ಸರದಿಯನ್ನು ತಿಳಿಯುವುದು ಹೇಗೆ? ಇಲ್ಲಿ ನಮಗೆ ನೆರವಾದದ್ದು ಯಾವ ಗ್ರಂಥವೂ ಅಲ್ಲ, ನಮ್ಮ ಮನೆಯ ಲೆಕ್ಕದ ಪುಸ್ತಕ. ನಮ್ಮ ಮನೆಯವರಿಗೆ ದಿನದ ಖರ್ಚನ್ನು ಬರೆಯುವಾಗ ಅಂಚಿನಲ್ಲಿ ಒಂದೆರಡು ಮಾತು ಸೇರಿಸುವ ಅಭ್ಯಾಸ. ಹಾಲು, ತರಕಾರಿ, ಸೀಮೆಸುಣ್ಣ ಎಂದು ಬರೆದ ಪುಟದ ಪಕ್ಕದಲ್ಲಿ “ಎದುರುಮನೆಯ ಹೊಂಗೆ ಚಿಗುರಿತು” ಎಂದಿರುತ್ತದೆ, ಇನ್ನೊಂದು ಕಡೆ “ತವರಿಗೆ ಹೋಗುವಾಗ ಮಾಗಡಿ ರಸ್ತೆಯಲ್ಲಿ ಮುತ್ತುಗ ಕೆಂಪು, ಮರದಲ್ಲಿ ಒಂದೂ ಎಲೆಯಿಲ್ಲ” ಎಂದಿರುತ್ತದೆ. ಹತ್ತು ಹನ್ನೆರಡು ವರ್ಷಗಳ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಅಂಚಿನ ಮಾತುಗಳನ್ನೆಲ್ಲ ಒಂದು ಹಾಳೆಗೆ ಇಳಿಸಿದವರು ಅವರೇ. ಆ ಹಾಳೆಯೇ ನಮ್ಮ ವಸಂತದ ಪಂಚಾಂಗವಾಯಿತು.

ಅದರ ಸಾರಾಂಶವನ್ನು ವಾಚಕರ ಉಪಯೋಗಕ್ಕಾಗಿ ಇಲ್ಲಿ ಕೊಡುತ್ತೇವೆ. ಸಂಕ್ರಾಂತಿ ಕಳೆದು ಚಳಿ ಇಳಿಯುತ್ತಿರುವಾಗ ಮಾವು ಹೂಬಿಡುತ್ತದೆ. ಅದರ ಹಿಂದೆಯೇ ಬೂರುಗ, ಎಲೆಯನ್ನೆಲ್ಲ ಉದುರಿಸಿ, ಬರಿಯ ಕೊಂಬೆಗಳ ಮೇಲೆ ಬಟ್ಟಲಿನಂತಹ ದಪ್ಪ ಕೆಂಪು ಹೂಗಳನ್ನು ತಾಳುತ್ತದೆ. ಫೆಬ್ರವರಿ ಮಾರ್ಚ್ ತಿಂಗಳುಗಳು ಮುತ್ತುಗದವು. ಅದೇ ಸಮಯಕ್ಕೆ ಬಂಡೆಗುಡ್ಡಗಳಲ್ಲಿ ಅರಿಶಿನ ಬೂರುಗ ಹಳದಿಯಾಗುತ್ತದೆ. ಮಲೆನಾಡಿನ ತೋಟಗಳಲ್ಲಿ ಹಾಲುವಾಣ ಕೆಂಪಾಗುತ್ತದೆ. ಯುಗಾದಿಯ ಆಸುಪಾಸಿನಲ್ಲಿ ಬೇವು, ಹೊಂಗೆ. ಏಪ್ರಿಲ್ ಮೇ ತಿಂಗಳುಗಳಲ್ಲಿ ಕಕ್ಕೆಯ ಹಳದಿ ಗೊಂಚಲುಗಳು. ಮಳೆಗಾಲದ ಬಾಗಿಲಲ್ಲಿ ಮಲೆನಾಡಿನ ಮರಗಳ ಮೇಲೆ ಸೀತಾಳೆದಂಡೆ. ಇವೆಲ್ಲವುಗಳಿಗೂ ಒಂದು ವಾರ ಹಿಂದುಮುಂದಾದರೂ ಸಹಿಸುವ ಗುಣವುಂಟು. ಸಹಿಸದಿರುವುದು ಒಂದೇ: ಕಾಫಿಯ ಹೂ.

ಕಾಫಿಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಿಡದಲ್ಲಿ ಮೊಗ್ಗು ಮೊದಲೇ ಕೂತಿರುತ್ತದೆ. ಆದರೆ ಒಣಹವೆಯಲ್ಲಿ ನಿದ್ದೆಹೋದಂತೆ ಸುಮ್ಮನಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಸುಮಾರು ಒಂದು ಅಂಗುಲದಷ್ಟು ಮಳೆ ಬಿದ್ದರೆ ಮೊಗ್ಗು ಎಚ್ಚೆತ್ತು ಬೆಳೆದು, ಎಂಟು ಹತ್ತು ದಿನಗಳಲ್ಲಿ ತೋಟಕ್ಕೆ ತೋಟವೇ ಒಮ್ಮೆಗೇ ಅರಳುತ್ತದೆ. ತೋಟದವರು ಇದನ್ನು ಹೂಮಳೆ ಎನ್ನುತ್ತಾರೆ. ಅರಳಿದ ಹೂ ನಿಲ್ಲುವುದು ಮೂರು ನಾಲ್ಕು ದಿನ ಮಾತ್ರ; ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ. ಮಳೆ ಸಾಲದಾದರೆ ಮೊಗ್ಗು ಅರೆಬರೆ ಅರಳಿ ಕೆಡುತ್ತದೆ. ಹೂ ಅರಳಿರುವಾಗಲೇ ಮತ್ತೆ ಜಡಿದರೆ ಕಾಯಿ ಕಚ್ಚುವುದಿಲ್ಲ. ವರ್ಷದ ಫಸಲೆಲ್ಲ ಈ ಕೆಲವು ದಿನಗಳ ಕೈಯಲ್ಲಿದೆ. ರೊಬಸ್ಟಾ ಕಾಫಿಯ ತೋಟಗಳಲ್ಲಿ ಈಗ ತುಂತುರು ನೀರನ್ನು ಹಾಯಿಸಿ ಹೂ ಬರಿಸಿಕೊಳ್ಳುವುದುಂಟು. ಅರೇಬಿಕಾ ಬೆಳೆಯುವ ಸಣ್ಣ ತೋಟದವರಲ್ಲಿ ಅನೇಕರು ಇಂದಿಗೂ ಆಕಾಶವನ್ನೇ ನೋಡುತ್ತಾರೆ.

ಹೀಗಿರುವಾಗ ಮುತ್ತುಗವನ್ನೂ ಕಾಫಿಯನ್ನೂ ಒಂದೇ ಪ್ರಯಾಣದಲ್ಲಿ ನೋಡಬೇಕಾದರೆ ದಿನವನ್ನು ಮುಂಚಿತವಾಗಿ ಗೊತ್ತುಮಾಡುವಂತಿಲ್ಲ. ಗೊತ್ತುಮಾಡಬಹುದಾದದ್ದು ದಾರಿಯನ್ನು, ತಂಗುವ ಸ್ಥಳವನ್ನು, ಗಂಟುಮೂಟೆಯನ್ನು. ದಿನವನ್ನು ಮಳೆಗೆ ಬಿಡಬೇಕು. ಆಲ್ದೂರಿನ ಕಡೆ ಸಣ್ಣ ತೋಟವುಳ್ಳ ಮಿತ್ರರೊಬ್ಬರಿಗೆ, “ಹೂಮಳೆ ಬಿದ್ದ ಮರುದಿನವೇ ದೂರವಾಣಿಯಲ್ಲಿ ತಿಳಿಸಬೇಕು” ಎಂದು ಹೇಳಿಟ್ಟೆವು. ಪೆಟ್ಟಿಗೆಯೊಂದರಲ್ಲಿ ಎರಡು ಜೊತೆ ಬಟ್ಟೆ, ತಾಯಿಯವರ ಔಷಧಿ, ಕಂಬಳಿ, ಕೊಡೆ, ನೀರಿನ ಕೂಜ, ಚಾಪೆ ಇವಿಷ್ಟನ್ನೂ ನಮ್ಮ ಮನೆಯವರು ಫೆಬ್ರವರಿಯ ಕೊನೆಯಲ್ಲಿಯೇ ಕಟ್ಟಿ ಸಿದ್ಧವಾಗಿಟ್ಟರು. ಮೋಟಾರು ನಮ್ಮ ತಮ್ಮನದು, ನಡೆಸುವವನೂ ಅವನೇ.

ದಾರಿಯ ವಿಷಯದಲ್ಲಿ ನಾವು ಮಾಡಿಕೊಂಡ ನಿಯಮಗಳು ನಾಲ್ಕು. ಮೊದಲನೆಯದು, ಬೆಳಕು ಹರಿಯುವ ಮುನ್ನ ಹೊರಡುವುದು. ಹನ್ನೊಂದು ಗಂಟೆಯ ಮೇಲೆ ಬಿಸಿಲು ಹೂವಿನ ಬಣ್ಣವನ್ನೂ ವೃದ್ಧರ ಶಕ್ತಿಯನ್ನೂ ಹೀರುತ್ತದೆ. ಎರಡನೆಯದು, ದಿನಕ್ಕೆ ನೂರೈವತ್ತು ಇನ್ನೂರು ಕಿಲೋಮೀಟರಿಗೆ ಮೀರದಿರುವುದು. ಬೆಂಗಳೂರಿನಿಂದ ಚಿಕ್ಕಮಗಳೂರು ಸುಮಾರು 245 ಕಿಲೋಮೀಟರು. ಒಂದೇ ದಿನದಲ್ಲಿ ತಲುಪಬಹುದು, ಆದರೆ ತಲುಪಿದ ಮೇಲೆ ದಾರಿಯ ನೆನಪೇ ಇರುವುದಿಲ್ಲ. ಆದುದರಿಂದ ಹೋಗುವಾಗ ಮೊದಲ ರಾತ್ರಿ ಅರಸೀಕೆರೆಯಲ್ಲಿ ತಂಗುವುದೆಂದು ನಿಶ್ಚಯಿಸಿದೆವು. ಮೂರನೆಯದು, ಹೊಸ ಹೆದ್ದಾರಿಗಳು ಊರುಗಳನ್ನು ಸುತ್ತುಬಳಸಿ ಹೊರಗಿನಿಂದಲೇ ಹಾದುಹೋಗುವುದರಿಂದ, ಹಠಮಾಡಿಯಾದರೂ ಊರೊಳಕ್ಕೆ ತಿರುಗುವುದು. ನಾಲ್ಕನೆಯದು, ಮರದಿಂದ ಹೂ ಕೀಳದಿರುವುದು, ಉದುರಿದ್ದನ್ನು ಆಯ್ದುಕೊಳ್ಳಬಹುದು.

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಮಿತ್ರರ ಕರೆ ಬಂದಿತು. ಹಿಂದಿನ ಸಂಜೆ ಗುಡುಗಿನೊಡನೆ ಒಳ್ಳೆಯ ಮಳೆಯಾಗಿತ್ತು. ಒಂಬತ್ತನೆಯ ದಿನವೆಂದರೆ ಮುಂದಿನ ವಾರದ ಮಂಗಳವಾರ. ನಾವು ಭಾನುವಾರ ಹೊರಟರೆ ಎಲ್ಲವೂ ಸರಿಹೋಗುತ್ತಿತ್ತು. ಸಂತೋಷದಿಂದ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತೆವು. ಆ ಸೋಮವಾರದ ಮನೆಯಲ್ಲಿ ನಮ್ಮ ಮಗಳು ಕೆಂಪುಶಾಯಿಯಲ್ಲಿ “ಗಣಿತ” ಎಂದು ಬರೆದಿದ್ದಳು. ಮಂಗಳವಾರ “ವಿಜ್ಞಾನ.” ಅವಳ ವಾರ್ಷಿಕ ಪರೀಕ್ಷೆ.

ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ತಾಯಿಯವರು, “ಹೋಗಲಿ ಬಿಡು, ಬರುವ ವರ್ಷ ನೋಡೋಣ” ಎಂದರು. ಅವರಿಗೆ ಈಗ ಎಪ್ಪತ್ತೊಂಬತ್ತು. ಹೋದ ಮಳೆಗಾಲದಿಂದ ಮಂಡಿನೋವು ಹೆಚ್ಚಾಗಿ ಮೆಟ್ಟಲು ಹತ್ತುವುದೇ ಕಷ್ಟವಾಗಿದೆ. ಬರುವ ವರ್ಷವೆಂಬ ಮಾತನ್ನು ಅವರು ನಮ್ಮ ಸಮಾಧಾನಕ್ಕಾಗಿ ಆಡಿದರೆಂಬುದು ಎಲ್ಲರಿಗೂ ತಿಳಿದಿತ್ತು. ಆಗ ನಮ್ಮ ಮನೆಯವರು ಅಡಿಗೆಮನೆಯಿಂದ ಬಂದು, “ಅತ್ತೆಯವರನ್ನು ಕರೆದುಕೊಂಡು ನೀವು ಅಣ್ಣತಮ್ಮಂದಿರು ಹೋಗಿಬನ್ನಿ. ನಾನು ಇವಳ ಹತ್ತಿರ ಇರುತ್ತೇನೆ” ಎಂದು ಹೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದರು. ಪೆಟ್ಟಿಗೆಯಿಂದ ತಮ್ಮ ಎರಡು ಸೀರೆಗಳನ್ನು ತೆಗೆದು ಬೀರುವಿನಲ್ಲಿಟ್ಟು, ತೆರವಾದ ಜಾಗದಲ್ಲಿ ಅತ್ತೆಯವರ ಮಂಡಿಗೆ ಒಂದು ದಿಂಬನ್ನು ತುರುಕಿದರು. ಅಲ್ಲಿಗೆ ಪ್ರಶ್ನೆ ತೀರಿದಂತಾಯಿತು. ನಾವೂ ಹೆಚ್ಚು ಒತ್ತಾಯಮಾಡಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಭಾನುವಾರ ಬೆಳಗಿನ ಜಾವ ಐದು ಗಂಟೆಗೆ ಹೊರಟೆವು. ಬುತ್ತಿಯಲ್ಲಿ ಪುಳಿಯೋಗರೆ, ಮೊಸರನ್ನ, ಉಪ್ಪಿನಕಾಯಿ, ಒಂದು ತಪ್ಪಲೆ ಮಜ್ಜಿಗೆ. ತುಮಕೂರು ದಾಟುವ ಹೊತ್ತಿಗೆ ಸೂರ್ಯೋದಯವಾಗಿತ್ತು. ಗುಬ್ಬಿಯಲ್ಲಿ ಮೊದಲ ನಿಲುಗಡೆ. 1884ರಲ್ಲಿ ಈ ಸಣ್ಣ ಊರಿನಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯು ಮುಂದೆ ಗುಬ್ಬಿ ವೀರಣ್ಣನವರ ಕೈಯಲ್ಲಿ ಕನ್ನಡನಾಡಿಗೆಲ್ಲ ಹೆಸರಾಯಿತು. ನಮ್ಮ ತಾಯಿಯವರು ಕಡೂರಿನಲ್ಲಿ ತಮ್ಮ ತಂದೆಯೊಡನೆ ಒಮ್ಮೆ ಆ ಕಂಪನಿಯ ನಾಟಕವನ್ನು ನೋಡಿದ್ದರಂತೆ. ಬೆಳಗಿನ ಕಾಫಿ ಕುಡಿಯುತ್ತ ಆ ರಾತ್ರಿಯ ದೀಪಗಳನ್ನೂ ಪರದೆಗಳನ್ನೂ ವರ್ಣಿಸಿದರು. ಹೆದ್ದಾರಿಯಲ್ಲೇ ಹಾದುಹೋಗಿದ್ದರೆ ಈ ಕಥೆ ನಮಗೆ ಸಿಕ್ಕುತ್ತಿರಲಿಲ್ಲ.

ತಿಪಟೂರಿನ ಸುತ್ತ ಎತ್ತ ನೋಡಿದರೂ ತೆಂಗು. ಇಲ್ಲಿಯ ಉಂಡೆಕೊಬ್ಬರಿಯ ಹೆಸರನ್ನು ಕೇಳದ ಗೃಹಿಣಿಯಿಲ್ಲ. ಆದರೆ ಅದನ್ನು ಮಾಡುವ ಬಗೆಯನ್ನು ಬಲ್ಲವರು ಕಡಿಮೆ. ಬಲಿತ ಕಾಯಿಯನ್ನು ಸಿಪ್ಪೆ ಸಹಿತ ಅಟ್ಟದ ಮೇಲೆ ಹಾಕಿ ತಿಂಗಳುಗಟ್ಟಲೆ, ಬಹುಶಃ ವರ್ಷದ ಹತ್ತಿರ ಹತ್ತಿರ, ಹಾಗೆಯೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ನೀರಿನ ಸದ್ದು ನಿಂತು ಗಟ್ಟಿಯಾದ ಸದ್ದು ಕೇಳಿದರೆ ಕೊಬ್ಬರಿ ಸಿದ್ಧ. ಬೆಂಕಿಯಿಲ್ಲ, ಅವಸರವಿಲ್ಲ. ಹೊತ್ತು ನೋಡಿ ಕಾಯುವ ವಿದ್ಯೆಯನ್ನು ಹೂ ನೋಡುವವರು ಈ ಊರಿನಲ್ಲಿ ಕಲಿಯಬಹುದು. ಮನೆಗೆಂದು ಎರಡು ಕಿಲೋ ಕೊಬ್ಬರಿ ಕೊಂಡೆವು.

ಬಿಸಿಲೇರುವ ಹೊತ್ತಿಗೆ ಅರಸೀಕೆರೆ. ಹೊಯ್ಸಳರ ಕಾಲದ ಅರಸಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂದಿತೆನ್ನುತ್ತಾರೆ. ರೈಲುದಾರಿಗಳು ಕೂಡುವ ಸ್ಥಳವಾದುದರಿಂದ ಇಲ್ಲಿ ರೈಲು ಬದಲಾಯಿಸಿದವರು ಲಕ್ಷಾಂತರ. ನಿಲ್ದಾಣದ ಹೊರಗೆ ಕಾಲಿಟ್ಟವರು ವಿರಳ. ಊರಿನಲ್ಲಿ 1220ರ ಸುಮಾರಿನ ಒಂದು ಈಶ್ವರ ದೇವಾಲಯವಿದೆ. ಅದರ ಮುಖಮಂಟಪದ ತಳವು ಹದಿನಾರು ಮೂಲೆಗಳ ನಕ್ಷತ್ರದಂತಿದ್ದು, ಒಳಗೆ ನಿಂತವರಿಗೆ ಎಲ್ಲ ಕಡೆಯಿಂದಲೂ ಗಾಳಿ ಬೆಳಕುಗಳು ಒದಗುತ್ತವೆ. ಬೇಲೂರು ಹಳೇಬೀಡುಗಳಂತೆ ಇಲ್ಲಿ ಜನಸಂದಣಿಯಿಲ್ಲ. ತಾಯಿಯವರು ಕಲ್ಲಿನ ಕಕ್ಷಾಸನಕ್ಕೆ ಒರಗಿ ಅರ್ಧ ಗಂಟೆ ಕುಳಿತರು. ಸಂಜೆ ತಣ್ಣಗಾದ ಮೇಲೆ ಪೇಟೆಬೀದಿಯಲ್ಲಿ ಒಂದು ಸುತ್ತು ಬಂದು, ವಸತಿಗೃಹವೊಂದರಲ್ಲಿ ಮಲಗಿದೆವು.

ಮರುದಿನ ಬೆಳಿಗ್ಗೆ ಬಾಣಾವರ ಕಳೆದೊಡನೆ ಅದು ಮೊದಲಾಯಿತು. ಬಯಲುಸೀಮೆಯ ಒಣಗಿದ ಹೊಲಗಳ ಬದುವಿನಲ್ಲಿ ಒಂದು ಮರ, ಸ್ವಲ್ಪ ದೂರ ಹೋದರೆ ಎರಡು, ಆಮೇಲೆ ಹಳ್ಳದ ದಡದುದ್ದಕ್ಕೂ ಸಾಲುಸಾಲಾಗಿ ಮುತ್ತುಗ. ಎಲೆಯ ಹಸುರು ಎಲ್ಲಿಯೂ ಇಲ್ಲ. ಕಪ್ಪು ಕೊಂಬೆ, ಅದಕ್ಕಂಟಿದ ಕಿತ್ತಳೆಗೆಂಪು. ಮೋಟಾರನ್ನು ನಿಲ್ಲಿಸಿ ಹತ್ತಿರ ಹೋದೆವು. ಒಂದೊಂದು ಹೂವೂ ಗಿಣಿಯ ಕೊಕ್ಕಿನಂತೆ ಬಾಗಿರುವುದರಿಂದಲೇ ಸಂಸ್ಕೃತದಲ್ಲಿ ಇದಕ್ಕೆ ಕಿಂಶುಕವೆಂಬ ಹೆಸರು, “ಇದೇನು ಗಿಣಿಯೇ?” ಎಂಬುದೇ ಆ ಪದದ ಅರ್ಥ. ವಿದ್ಯೆಯಿಲ್ಲದ ರೂಪವಂತನನ್ನು ಹಿಂದಿನವರು ವಾಸನೆಯಿಲ್ಲದ ಈ ಹೂವಿಗೆ ಹೋಲಿಸಿದ್ದಾರೆ. ಅದು ಹೂವಿಗೆ ಮಾಡಿದ ಅನ್ಯಾಯವೆಂದು ನಮಗೆ ತೋರುತ್ತದೆ. ಮರದ ತುಂಬ ಗೊರವಂಕಗಳೂ ಸೂರಕ್ಕಿಗಳೂ ಮುತ್ತಿಕೊಂಡಿದ್ದವು; ಬಣ್ಣವನ್ನು ನೋಡಿ ಬರುವ ಹಕ್ಕಿಗೆ ವಾಸನೆಯ ಹಂಗೇಕೆ? ಈ ಮರಕ್ಕೆ ಒಳ್ಳೆಯ ಮಣ್ಣೂ ಬೇಕಿಲ್ಲ. ಸೌಳುಭೂಮಿಯಲ್ಲಿಯೂ ಬೆಳೆಯುತ್ತದೆ, ಕಡಿದರೆ ಬೇರಿನಿಂದ ಚಿಗುರುತ್ತದೆ. ಎಲೆ ಊಟಕ್ಕೆ, ದಂಡ ವಟುವಿನ ಕೈಗೆ, ಹೂ ಹೋಳಿಯ ಬಣ್ಣಕ್ಕೆ, ಕೊಂಬೆ ಅರಗಿನ ಹುಳುವಿಗೆ. ಇಷ್ಟೊಂದು ಉಪಕಾರಿಯಾದ ಮರವನ್ನು ಯಾರೂ ನೆಟ್ಟು ಸಾಕಿದ್ದನ್ನು ನಾವು ಕಾಣೆವು.

ಕಡೂರು ದಾಟಿ ತಾಯಿಯವರ ಊರಿನ ತಿರುವಿಗೆ ಬಂದೆವು. ಅವರು ಮುಂದಿನ ಆಸನದಲ್ಲಿ ಕುಳಿತು, “ಇನ್ನು ಸ್ವಲ್ಪ, ಇನ್ನು ಸ್ವಲ್ಪ” ಎನ್ನುತ್ತಿದ್ದರು. ತಿರುವು ಬಂದಿತು, ಮರವಿರಲಿಲ್ಲ. ರಸ್ತೆಯನ್ನು ಅಗಲಮಾಡಿದಾಗ ಸಾಲುಮರಗಳೊಡನೆ ಅದೂ ಹೋಗಿತ್ತು. ಅಂಗಡಿಯವನೊಬ್ಬನನ್ನು ಕೇಳಿದ್ದಕ್ಕೆ, “ಇತ್ತಮ್ಮ, ಹೋಗಿ ಎರಡು ವರ್ಷ ಆಯ್ತು” ಎಂದ. ಅಂದರೆ ನಾವು ಮೇ ತಿಂಗಳಲ್ಲಿ ಬಂದ ವರ್ಷ ಅದು ಇನ್ನೂ ನಿಂತಿತ್ತು, ಹಸುರೆಲೆಯ ಮರವಾಗಿ. ಅದರ ಮುಂದೆಯೇ ನಾವು ವೇಗವಾಗಿ ಹಾದುಹೋಗಿದ್ದೆವು. ಎರಡು ತಿಂಗಳು ಮೊದಲು ಬಂದಿದ್ದರೆ! ತಾಯಿಯವರು ಇಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ನಡಿಯಪ್ಪ, ಕೆರೆಯ ಹಿಂದೆ ಗೋಮಾಳದಲ್ಲಿ ಇರಬೇಕು” ಎಂದರು.

ಗೋಮಾಳದಲ್ಲಿ ಇದ್ದವು. ದೊಡ್ಡ ಮರಗಳಲ್ಲ, ಆಳುದ್ದಕ್ಕಿಂತ ತುಸು ಎತ್ತರವಾದ, ಸೊಟ್ಟಸೊಟ್ಟಾದ ಹತ್ತಿಪ್ಪತ್ತು ಗಿಡಗಳು, ಆದರೆ ಎಲ್ಲವೂ ಮೈತುಂಬ ಹೂ ಹೊತ್ತಿದ್ದವು. ಮರಗಳು ಗಿಡ್ಡವಾಗಿದ್ದುದೇ ಅನುಕೂಲವಾಯಿತು. ತಾಯಿಯವರು ನಮ್ಮ ತಮ್ಮನ ತೋಳನ್ನು ಹಿಡಿದು ನಡೆದು, ಒಂದು ಕೊಂಬೆಯನ್ನು ಬಾಗಿಸದೆಯೇ ಮುಖದ ಹತ್ತಿರ ಹೂವನ್ನು ನೋಡಿದರು. ನೆಲದಲ್ಲಿ ಉದುರಿದ್ದ ಹೂಗಳನ್ನು ನಮ್ಮಿಂದ ಆರಿಸಿ ಸೆರಗಿಗೆ ಹಾಕಿಸಿಕೊಂಡರು. ನಾವು ಸಂತುಷ್ಟರಾಗಿ, “ನೋಡಿದೆಯಲ್ಲ, ಅಮ್ಮ” ಎಂದೆವು. ಅವರು ಸೆರಗಿನ ಹೂವನ್ನು ನೋಡುತ್ತ, “ನಾನು ನೋಡಿದೆ. ದಿನ ಬರೆದಿಟ್ಟವಳು ಅವಳು, ಅವಳು ಗಣಿತ ಹೇಳಿಕೊಡುತ್ತಿದ್ದಾಳೆ” ಎಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆಯನ್ನು ಲೆಕ್ಕಹಾಕಿದ್ದೆವು, ಕಿಲೋಮೀಟರನ್ನು ಲೆಕ್ಕಹಾಕಿದ್ದೆವು, ಮಜ್ಜಿಗೆಯನ್ನೂ ಲೆಕ್ಕಹಾಕಿದ್ದೆವು. ಮನೆಯಲ್ಲಿ ಯಾರಾದರೂ ಉಳಿಯಬೇಕಾಗಿ ಬಂದರೆ ಅದು ಯಾರು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿರಲೇ ಇಲ್ಲ. ಕೇಳದೆಯೇ ಅದರ ಉತ್ತರವನ್ನು ಗೊತ್ತುಮಾಡಿಕೊಂಡಿದ್ದೆವು.

ಸಖರಾಯಪಟ್ಟಣದ ಬಳಿ ಶಕುನಗಿರಿಯ ಬುಡದಲ್ಲಿ ಹರಡಿರುವ ಅಯ್ಯನಕೆರೆಯನ್ನು ನೋಡಿಕೊಂಡು ಆ ಸಂಜೆ ಚಿಕ್ಕಮಗಳೂರನ್ನು ಸೇರಿದೆವು. ಊರಿನ ಉತ್ತರಕ್ಕಿರುವ ಬೆಟ್ಟಗಳಿಗೇ ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಅರೇಬಿಯಾದಿಂದ ಏಳು ಕಾಫಿಬೀಜಗಳನ್ನು ತಂದರೆಂಬುದು ಪ್ರತೀತಿ. ಮಂಗಳವಾರ ಸೂರ್ಯೋದಯಕ್ಕೆ ಮುಂಚೆಯೇ ಮಿತ್ರರ ತೋಟದಲ್ಲಿದ್ದೆವು. ತೋಟವನ್ನು ಕಾಣುವ ಮೊದಲೇ ಅದರ ಕಂಪು ತಿರುವಿನಲ್ಲಿ ನಮ್ಮನ್ನು ಎದುರುಗೊಂಡಿತು. ಮಲ್ಲಿಗೆಯನ್ನು ಹೋಲುವುದಾದರೂ ಅದಕ್ಕಿಂತ ತುಸು ತೆಳುವಾದದ್ದು. ಬೆಳಕಾದಾಗ ಗಿಡದ ಪ್ರತಿಯೊಂದು ರೆಂಬೆಯೂ ಗೆಣ್ಣುಗೆಣ್ಣಿಗೆ ಬಿಳಿಯ ಮಾಲೆ ಸುತ್ತಿಕೊಂಡಂತೆ ನಿಂತಿತ್ತು. ಜೇನ್ನೊಣಗಳ ಗುಂಜಾರವ ತೋಟವನ್ನೆಲ್ಲ ತುಂಬಿತ್ತು. ಆದರೆ ಅರ್ಧ ಮೈಲಿ ಮೇಲಕ್ಕೆ, ದಿಣ್ಣೆಯ ಮೇಲಿನ ತೋಟದಲ್ಲಿ, ಒಂದು ಹೂವೂ ಇಲ್ಲ. ಅಲ್ಲಿಗೆ ಮಳೆ ಎರಡು ದಿನ ತಡವಾಗಿ ಬಿದ್ದಿತ್ತಂತೆ. ಒಂದೇ ಊರಿನಲ್ಲಿಯೂ ಮಳೆ ಒಂದೇ ದಿನ ಬೀಳುವುದಿಲ್ಲವಾದುದರಿಂದ, ಹೊರಡುವವರು “ನಿಮ್ಮ ಊರಿನಲ್ಲಿ ಯಾವಾಗ?” ಎಂದಲ್ಲ, “ನಿಮ್ಮ ತೋಟದಲ್ಲಿ ಯಾವಾಗ?” ಎಂದು ಕೇಳಬೇಕು. ಮಿತ್ರರು ಹೂವನ್ನು ನೋಡುತ್ತಿರಲಿಲ್ಲ; ಆಕಾಶವನ್ನು ನೋಡುತ್ತಿದ್ದರು. ಇನ್ನು ಕೆಲವು ವಾರಗಳೊಳಗೆ ಎರಡನೆಯ ಮಳೆ ಬಂದರೆ ಮಾತ್ರ ಕಾಯಿ ನಿಲ್ಲುವುದು. ನಮಗೆ ನೋಟವಾದದ್ದು ಅವರಿಗೆ ವರ್ಷದ ಅನ್ನವೆಂಬುದು ಆಗ ಮನಸ್ಸಿಗೆ ನಾಟಿತು. ಗಿಡಗಳ ನಡುವೆ ಕಾಲಿಡುವಾಗ ಹೂ ಉದುರದಂತೆ ಮೈಯನ್ನು ಹಿಡಿದುಕೊಂಡು ನಡೆದೆವು.

ಹಿಂದಿರುಗುವಾಗ 1117ರ ಬೇಲೂರನ್ನೂ, 1121ರ ಸುಮಾರಿಗೆ ಕಟ್ಟಲಾರಂಭಿಸಿದ ಹಳೇಬೀಡನ್ನೂ ನೋಡಿದೆವು. ಸೋಮನಾಥಪುರದೊಡನೆ ಈ ಎರಡು ಕ್ಷೇತ್ರಗಳೂ 2023ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿಯ ವಿಚಾರವನ್ನು ಬರೆಯುವವರು ಬಹಳವಾಗಿದ್ದಾರೆ. ನಾವು ಒಂದನ್ನು ಮಾತ್ರ ಹೇಳುತ್ತೇವೆ. ಹಳೇಬೀಡಿನ ಗೋಡೆಯಲ್ಲಿ ಆನೆ, ಸಿಂಹ, ಕುದುರೆಗಳ ಸಾಲುಗಳ ನಡುವೆ ಸುರುಳಿಸುರುಳಿಯಾಗಿ ಹರಿಯುವ ಬಳ್ಳಿಯ ಸಾಲುಗಳಿವೆ. ಮೂರು ದಿನ ಹೂ ನೋಡಿ ಬಂದ ಕಣ್ಣಿಗೆ ಆ ಸಾಲುಗಳು ತಾವಾಗಿಯೇ ಕಾಣಿಸಿದವು. ಹಾಸನದ ದಾರಿಯಾಗಿ ಮನೆ ಸೇರುವಾಗ ರಾತ್ರಿ ಹತ್ತು ಗಂಟೆ ಮೀರಿತ್ತು.

ತಂದ ಮುತ್ತುಗದ ಹೂಗಳು ಬಾಡಿದ್ದರೂ ಬಣ್ಣ ಕಳೆದುಕೊಂಡಿರಲಿಲ್ಲ. ಮಿತ್ರರು ತಾವಾಗಿ ಕೊಟ್ಟ ಕಾಫಿಯ ಒಂದು ರೆಂಬೆ ಮಾತ್ರ ಪೂರ್ತಿ ಕಂದಿಹೋಗಿತ್ತು. ನಮ್ಮ ಮನೆಯವರು ಅದನ್ನು ಮೂಗಿನ ಬಳಿ ಹಿಡಿದು ನೋಡಿ, “ಸ್ವಲ್ಪ ಇದೆ” ಎಂದರು. ಇತ್ತೋ ಇಲ್ಲವೋ ನಾವರಿಯೆವು. ಮುತ್ತುಗವನ್ನು ಹಿತ್ತಾಳೆಯ ತಟ್ಟೆಯಲ್ಲಿ ನೀರಿಗೆ ಹಾಕಿಟ್ಟರು; ಬೆಳಗಾಗುವಷ್ಟರಲ್ಲಿ ನೀರು ಕುಂಕುಮಕೇಸರಿಯ ಬಣ್ಣಕ್ಕೆ ತಿರುಗಿತ್ತು. ಆಮೇಲೆ ಲೆಕ್ಕದ ಪುಸ್ತಕವನ್ನು ತೆರೆದು, ಮಳೆ ಬಿದ್ದ ದಿನ, ಹೂ ಅರಳಿದ ದಿನ, ದಿಣ್ಣೆಯ ತೋಟದ ಎರಡು ದಿನಗಳ ಅಂತರ, ಎಲ್ಲವನ್ನೂ ನಮ್ಮನ್ನು ಕೇಳಿ ಕೇಳಿ ಅಂಚಿನಲ್ಲಿ ಬರೆದುಕೊಂಡರು.

ಇಂತಹ ಪ್ರಯಾಣವನ್ನು ಯೋಚಿಸುವ ಗೃಹಸ್ಥರಿಗೆ ನಮ್ಮ ಸೂಚನೆಗಳನ್ನು ಮೇಲೆ ಹೇಳಿದ್ದೇವೆ. ಉಳಿದದ್ದು ಒಂದು. ದಾರಿಯನ್ನೂ ದಿನವನ್ನೂ ನಿಶ್ಚಯಿಸುವ ಮೊದಲು, ಹೂ ಬರುವ ದಿನ ಮನೆಯಲ್ಲಿ ಉಳಿಯುವ ಸರದಿ ಯಾರದೆಂಬುದನ್ನು ಬರೆದಿಡಬೇಕು. ಹೂವಿನಂತೆಯೇ ಕೆಲವರ ಸರದಿಯೂ ತಪ್ಪಿದರೆ ಮರಳಿ ಬರುವುದಿಲ್ಲ. ಕಡಿದ ಮರದ ಜಾಗದಲ್ಲಿ ನಿಂತಾಗ ಇದು ತಿಳಿದರೆ ಪ್ರಯೋಜನವಿಲ್ಲ. ನಮ್ಮ ಮನೆಯ ಮುಂದಿನ ವರ್ಷದ ಹಾಳೆಯಲ್ಲಿ ಮೊದಲ ಸಾಲು ಈಗಾಗಲೇ ಬರೆದಾಗಿದೆ. ಹೂಮಳೆ ಪರೀಕ್ಷೆಯ ವಾರದಲ್ಲಿಯೇ ಬಂದುದಾದರೆ ಅತ್ತೆ ಸೊಸೆಯರು ನಮ್ಮ ತಮ್ಮನೊಡನೆ ಹೋಗತಕ್ಕದ್ದು, ನಾವು ಮಗಳೊಡನೆ ಉಳಿಯತಕ್ಕದ್ದು. ಗಣಿತವನ್ನು ಹೇಗೋ ನಿಭಾಯಿಸಬಹುದು. ಅಷ್ಟರೊಳಗಾಗಿ ಸಾರು ಮಾಡುವುದನ್ನು ಕಲಿಯಬೇಕಾಗಿದೆ.